ಬೋಲ್ಟುಗಳನ್ನೆಲ್ಲ ಬಿಚ್ಚಿದರೂ ಗೇರ್‌ಬಾಕ್ಸ್ ಕಳಚುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ನಮ್ಮ ತಂದೆಯವರ 1998ರ ಮಾರುತಿ 800 ಕಾರು ಎರಡು ಮಳೆಗಾಲ ಓಡದೆ ಮನೆಯ ಪಕ್ಕದ ಮಾಡಿನಲ್ಲಿ ನಿಂತಿತ್ತು. ನಿಲ್ಲಿಸುವ ಮೊದಲೇ ಘಾಟಿ ಹತ್ತುವಾಗ ಎಂಜಿನ್ ಕೂಗುತ್ತಿತ್ತೇ ಹೊರತು ಗಾಡಿ ಮುಂದೆ ಹೋಗುತ್ತಿರಲಿಲ್ಲ. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಕೂರುವ ಕ್ಲಚ್ ಪ್ಲೇಟ್ ಬದಲಾಯಿಸೋಣವೆಂದು ನಾನೂ ನನ್ನ ಭಾವನವರೂ ಮನೆಯಲ್ಲೇ ಗೇರ್‌ಬಾಕ್ಸ್ ಇಳಿಸಲು ಕೈಹಾಕಿದೆವು. ಎರಡೂ ಆಕ್ಸಲ್ ಬಂದವು, ಸ್ಟಾರ್ಟರ್ ಬಂತು, ಬೋಲ್ಟುಗಳನ್ನೆಲ್ಲ ಬಿಚ್ಚಿದೆವು. ಈಗ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಮೇಲ್ಗಡೆ ಕಿರುಬೆರಳು ತೂರುವಷ್ಟು ಸಂದು ಬಿಟ್ಟಿದೆ, ಕೆಳಗಡೆ ಉಗುರೂ ಹೋಗುವುದಿಲ್ಲ. ಎರಡು ದಿನದಿಂದ ಅಲ್ಲಿಗೇ ನಿಂತಿದ್ದೇವೆ. ಹಾರೆ ಹಾಕಿ ಮೀಟಿದರೆ ಬರುತ್ತದೆ ಎನ್ನುತ್ತಾರೆ ಭಾವ. ಕಾರನ್ನು ಜಂಬಿಟ್ಟಿಗೆ ಕಲ್ಲಿನ ಮೇಲೆ ಭದ್ರವಾಗಿ ಇರಿಸಿದ್ದೇವೆ. ಮೀಟಬಹುದೇ?
ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಮೀಟಬೇಡಿ. ಭಾವನವರ ಕೈಯಿಂದ ಹಾರೆ ಇಸಿದುಕೊಂಡು ತೋಟದ ಕಡೆ ಕಳಿಸಿಬಿಡಿ. ಮೇಲೆ ಕಿರುಬೆರಳು ಹೋಗುತ್ತದೆ, ಕೆಳಗೆ ಉಗುರೂ ಹೋಗುವುದಿಲ್ಲ ಎಂದು ನೋಡಿ ಬರೆದಿದ್ದೀರಲ್ಲ, ಅರ್ಧ ಉತ್ತರ ಆ ಮಾತಿನಲ್ಲೇ ಇದೆ. ಅದಕ್ಕೆ ಬರುತ್ತೇನೆ. ಮೊದಲು ಕಲ್ಲಿನ ವಿಷಯ ಇತ್ಯರ್ಥವಾಗಲಿ.

ಜಂಬಿಟ್ಟಿಗೆಯಿಂದ ಮನೆ ಕಟ್ಟಬಹುದು, ಏಕೆಂದರೆ ಗೋಡೆಯ ಭಾರ ಇಡೀ ಕಲ್ಲಿನ ಮೇಲೆ ಹರಡಿಕೊಂಡಿರುತ್ತದೆ. ಕಾರಿನ ಭಾರ ಹಾಗಲ್ಲ. ನಿಮ್ಮ ಗಾಡಿ 650 ಕಿಲೋದ ಆಸುಪಾಸಿನದು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮುಂದಿನ ಭಾಗದಲ್ಲೇ ಇದೆ. ಆ ಭಾರವೆಲ್ಲ ಕೆಳಗಿನ ತಗಡಿನ ಎರಡು ಬೆರಳಗಲದ ಅಂಚಿನ ಮೂಲಕ ಕಲ್ಲಿನ ಒಂದು ಗೀಟಿನ ಮೇಲೆ ಕೂತಿದೆ. ಒಳಗೆಲ್ಲ ತೂತು ತೂತಾಗಿರುವ ಕಲ್ಲು ಅದು. ಬಿರುಕು ಬಿಡುವ ಮುನ್ನ ಸದ್ದನ್ನೂ ಮಾಡುವುದಿಲ್ಲ, ಒಮ್ಮೆಗೇ ಪುಡಿಯಾಗುತ್ತದೆ. ಸಿಮೆಂಟ್ ಇಟ್ಟಿಗೆಯ ಹಣೆಬರಹವೂ ಇದೇ. ನೀವೋ ಅದರ ಅಡಿಯಲ್ಲಿ ಮಲಗಿ ಗೇರ್‌ಬಾಕ್ಸನ್ನು ಅಲ್ಲಾಡಿಸಲಿದ್ದೀರಿ. ಇವತ್ತು ಬೇರೇನೂ ಮಾಡದಿದ್ದರೂ ಚಿಂತೆಯಿಲ್ಲ, ಕಬ್ಬಿಣದ ಆಕ್ಸಲ್ ಸ್ಟ್ಯಾಂಡ್ ಎರಡು ತಂದು ಕಲ್ಲುಗಳ ಜಾಗದಲ್ಲಿ ಇಡಿ. ಕೊಳ್ಳಲು ಆಗದಿದ್ದರೆ ಪಂಚರ್ ಅಂಗಡಿಯವರನ್ನು ಕೇಳಿ, ದಿನದ ಮಟ್ಟಿಗೆ ಕೊಡುತ್ತಾರೆ. ನೆಲ ಮಣ್ಣಿನದಾದರೆ ಸ್ಟ್ಯಾಂಡಿನ ಕಾಲಡಿಗೆ ದಪ್ಪ ಹಲಗೆ ಹಾಕಿ. ಬಿಚ್ಚಿಟ್ಟ ಎರಡು ಚಕ್ರಗಳನ್ನು ಕಾರಿನ ಅಡಿಗೆ ಅಡ್ಡ ಮಲಗಿಸಿ. ಏನೇ ಕುಸಿದರೂ ನಿಮ್ಮ ಎದೆಗೂ ಕಾರಿಗೂ ನಡುವೆ ಅವು ಇರುತ್ತವೆ. ಹಿಂದಿನ ಚಕ್ರಗಳಿಗೆ ಎರಡೂ ಕಡೆಯಿಂದ ಅಡೆ ಕೊಡಿ. ಜಾಕ್ ಎತ್ತುವುದಕ್ಕೆ ಮಾತ್ರ, ಹೊರುವುದಕ್ಕಲ್ಲ.

ಇನ್ನು ಗೇರ್‌ಬಾಕ್ಸ್. ಅದನ್ನು ಎಂಜಿನ್ನಿಗೆ ಹಿಡಿದಿಟ್ಟಿರುವುದು ಬೋಲ್ಟುಗಳು ಮಾತ್ರ ಎಂದು ತಿಳಿಯುವುದರಿಂದಲೇ ಹಾರೆಯ ಯೋಚನೆ ಹುಟ್ಟುತ್ತದೆ. ಹಿಡಿತ ಮೂರು ಬಗೆಯದು. ಒಂದು, ಬೋಲ್ಟುಗಳು. ಎರಡು, ಬೆಲ್ ಹೌಸಿಂಗ್, ಅಂದರೆ ಗೇರ್‌ಬಾಕ್ಸಿನ ಅಗಲ ಬಾಯಿಯ ಕವಚ, ಎಂಜಿನ್ನಿಗೆ ತಾಗುವ ಮುಖದಲ್ಲಿ ಎದುರು ಬದುರಾಗಿ ಇರುವ ಡೋವೆಲ್ ಪಿನ್ನುಗಳು. ಹೆಬ್ಬೆರಳಿನ ಉಗುರಿನಷ್ಟು ಉದ್ದ ಹೊರಚಾಚಿರುವ ಉಕ್ಕಿನ ಗೂಟಗಳು ಅವು. ಗೇರ್‌ಬಾಕ್ಸ್ ಕೂದಲೆಳೆಯಷ್ಟೂ ಆಚೀಚೆಯಾಗದೆ ನೇರ ಕೂರುವಂತೆ ನೋಡಿಕೊಳ್ಳುವುದೇ ಅವುಗಳ ಕೆಲಸ, ಹಾಗಾಗಿ ಬಿಗಿಯಾಗಿಯೇ ಇರುತ್ತವೆ. ಮೂರು, ಗೇರ್‌ಬಾಕ್ಸಿನಿಂದ ಹೊರಟ ಇನ್‌ಪುಟ್ ಶಾಫ್ಟ್. ಇದು ಕ್ಲಚ್ ಪ್ಲೇಟಿನ ನಡುವಿನ ಹಲ್ಲುಗಳೊಳಗೆ ತೂರಿಕೊಂಡಿರುತ್ತದೆ, ಅತ್ತ ಪ್ಲೇಟನ್ನು ಪ್ರೆಷರ್ ಪ್ಲೇಟ್ ಎಂಬ ಸ್ಪ್ರಿಂಗಿನ ಮುಚ್ಚಳವು ಎಂಜಿನ್ನಿನ ತುದಿಯಲ್ಲಿ ತಿರುಗುವ ಭಾರದ ಚಕ್ರವಾದ ಫ್ಲೈವೀಲಿಗೆ ಒತ್ತಿ ಹಿಡಿದಿರುತ್ತದೆ. ಬೋಲ್ಟು ಬಿಚ್ಚಿದರೆ ಮೊದಲನೆಯದು ಹೋಯಿತು. ಉಳಿದ ಎರಡೂ ಬಿಡುವುದು ಗೇರ್‌ಬಾಕ್ಸನ್ನು ನೇರಕ್ಕೆ ಎಳೆದಾಗ ಮಾತ್ರ. ಬೀಸುಕಲ್ಲಿನ ಮೇಲಿನ ಹೋಳನ್ನು ಗೂಟದಿಂದ ಎತ್ತಿದವರಿಗೆ ಗೊತ್ತು, ಒಂದು ಪಕ್ಕ ವಾಲಿಸಿದರೆ ಕಚ್ಚಿಕೊಂಡು ಕೂರುತ್ತದೆ. ಸಮವಾಗಿ ಎತ್ತಿದರೆ ಮಕ್ಕಳ ಕೈಗೂ ಬರುತ್ತದೆ.

ನಿಮ್ಮ ಗಾಡಿಯಲ್ಲಿ ಎಂಜಿನ್ ಅಡ್ಡಕ್ಕೆ ಕೂತಿದೆ, ಗೇರ್‌ಬಾಕ್ಸ್ ಅದರ ಎಡಗಡೆಗೆ ಚಾಚಿಕೊಂಡಿದೆ. ಎಡಗಡೆಯ ಮೌಂಟಿಂಗ್ ಬಿಚ್ಚಿದ ಮೇಲೆ ಗೇರ್‌ಬಾಕ್ಸಿನ ಬಾಲ ತನ್ನ ಭಾರಕ್ಕೆ ತಾನೇ ಕೆಳಗೆ ಜೋತುಬೀಳುತ್ತದೆ. ಬಾಲ ಇಳಿದರೆ ಮುಖ ಮೇಲಕ್ಕೆ ಬಾಯಿಬಿಡುತ್ತದೆ. ಮೇಲ್ಗಡೆ ಸಂದು, ಕೆಳಗಡೆ ಬಿಗಿ ಎಂದರೆ ಅರ್ಥ ಅಷ್ಟೇ. ನೀವು ಎಳೆದಷ್ಟೂ ಕೆಳಗಿನ ಪಿನ್ನು ಓರೆಯಾಗಿ ಕಚ್ಚಿಕೊಳ್ಳುತ್ತಿದೆ. ಇದೊಂದು ಸಾಧ್ಯತೆ. ಇನ್ನೊಂದು, ಕೆಳಗಡೆ ನಿಮ್ಮ ಕಣ್ಣಿಗೆ ಬೀಳದ ಬೋಲ್ಟು ಒಂದು ಇನ್ನೂ ಉಳಿದಿದೆ. ಇವೆರಡರಲ್ಲಿ ಯಾವುದು ಎಂದು ತಿಳಿಯಲು ಐದು ನಿಮಿಷ ಸಾಕು.

ಗೇರ್‌ಬಾಕ್ಸಿನ ಬಾಲದ ಅಡಿಗೆ ಎರಡನೆಯ ಜಾಕ್ ಕೊಡಿ, ನಡುವೆ ಮರದ ತುಂಡಿರಲಿ. ಒಬ್ಬರು ಮೇಲಿನಿಂದ ಟಾರ್ಚು ಬಿಟ್ಟು ಸಂದನ್ನೇ ನೋಡುತ್ತಿರಲಿ, ಇನ್ನೊಬ್ಬರು ಜಾಕನ್ನು ಅರ್ಧರ್ಧ ಸುತ್ತು ಏರಿಸಲಿ. ಬಾಲ ಏರುತ್ತಿದ್ದಂತೆ ಮೇಲಿನ ಸಂದು ಕಿರಿದಾಗುತ್ತದೆ, ಕೆಳಗಿನದು ತೆರೆಯಬೇಕು. ಸುತ್ತಲೂ ಒಂದೇ ಅಳತೆಯ ಸಂದು ಬಂದರೆ ನಿಮ್ಮ ಸಮಸ್ಯೆ ವಾಲಿದ್ದು ಮಾತ್ರ, ನೇರ ಮಾಡಿ ಎಳೆದರೆ ಬಂತು. ಮೇಲಿನ ಸಂದು ಪೂರ್ತಿ ಮುಚ್ಚಿಯೂ ಕೆಳಗೆ ಕದಲಲಿಲ್ಲವೆಂದರೆ ಅಲ್ಲಿ ಬೋಲ್ಟು ಇದೆ. ಇದೆಯೇ ಎಂದು ಯೋಚಿಸುತ್ತ ಕೂರಬೇಡಿ, ಇದ್ದೇ ಇದೆ, ಹುಡುಕಿ.

ಹುಡುಕುವುದು ಕಣ್ಣಿನಿಂದಲ್ಲ, ಬೆರಳಿನಿಂದ. ಹೌಸಿಂಗಿನ ಅಂಚಿನ ಉದ್ದಕ್ಕೂ ಬೆರಳಾಡಿಸುತ್ತ ಹೋಗಿ, ಉಬ್ಬಿದ ಪ್ರತಿಯೊಂದು ಕಿವಿಯಲ್ಲೂ ತೂತು ಇರಬೇಕು, ಆ ತೂತು ಖಾಲಿಯಿರಬೇಕು. ಎಲ್ಲ ಬೋಲ್ಟುಗಳೂ ಗೇರ್‌ಬಾಕ್ಸಿನ ಕಡೆಯಿಂದಲೇ ಹಾಕಿದವಲ್ಲ. ಎಂಜಿನ್ನಿನ ಕಡೆಯಿಂದ ಬಂದು ಈಚೆ ಬಿಗಿಯುವಂಥದ್ದನ್ನು ಹೊಸಬರು ಮರೆಯುತ್ತಾರೆ. ಫ್ಲೈವೀಲಿನ ಕೆಳಭಾಗವನ್ನು ಮುಚ್ಚುವ ತೆಳು ತಗಡು ಇದೆಯಲ್ಲ, ಅದರ ಸಣ್ಣ ಬೋಲ್ಟುಗಳನ್ನೂ ನೋಡಿ. ತಗಡು ತಾನೇ ಎಂದು ಬಿಟ್ಟರೆ ಅದೇ ಹಿಡಿದುಕೊಳ್ಳುತ್ತದೆ. ಸ್ಟಾರ್ಟರಿನ ಬೋಲ್ಟುಗಳಲ್ಲಿ ಒಂದು ಹೌಸಿಂಗಿನಲ್ಲೇ ಉಳಿದಿರಬಹುದು. ಹಳೆಯ ಗಾಡಿಗಳಲ್ಲಿ ಇನ್ನೊಂದು ತಂಟೆ ಇದೆ: ಎಣ್ಣೆ, ಧೂಳು, ಕೆಸರು ಸೇರಿ ಒಣಗಿದ ಹೆಕ್ಕಳ. ಮಲೆನಾಡಿನ ಗಾಡಿಯಲ್ಲಿ ಅದು ಬೋಲ್ಟಿನ ತಲೆಯನ್ನೇ ಮುಚ್ಚಿ ಕಬ್ಬಿಣದ ಭಾಗದಂತೆ ಕಾಣುತ್ತದೆ. ಹಳೆಯ ಸ್ಕ್ರೂಡ್ರೈವರಿನಿಂದ ಕೆರೆದು, ಸೀಮೆಎಣ್ಣೆ ಅಥವಾ ಡೀಸೆಲ್ಲಿನಲ್ಲಿ ಅದ್ದಿದ ಬ್ರಷ್ಷಿನಿಂದ ಉಜ್ಜಿ ಒರೆಸಿ. ಒಂದು ತಲೆ ಹೊರಬಂದೀತು.

ನಾನು ಗ್ಯಾರೇಜು ಸೇರಿದ ಮೊದಲ ವರ್ಷ ಇದೇ ತಪ್ಪು ಮಾಡಿದೆ. ಗಿರಾಕಿ ಎದುರಿಗೆ ನಿಂತಿದ್ದರು, ಮೇಸ್ತ್ರಿ ಊಟಕ್ಕೆ ಹೋಗಿದ್ದರು. ನನ್ನ ಕೈಯಲ್ಲಿ ಎರಡಡಿಯ ಟಾಮಿ ರಾಡ್ ಇತ್ತು. ಸಂದಿಗೆ ಹಾಕಿ ಮೈಭಾರ ಬಿಟ್ಟೆ. ಟಪ್ ಎಂದಿತು, ಬಂತು ಎಂದು ಹಿಗ್ಗಿದೆ. ಬಂದದ್ದು ಹೌಸಿಂಗಿನ ಒಂದು ಕಿವಿ, ಅದರೊಳಗೆ ಬೋಲ್ಟು ಹಾಗೇ ಇತ್ತು. ಮೇಸ್ತ್ರಿ ಬಂದು ನೋಡಿದವರು ಬೈಯಲಿಲ್ಲ. ಮುರಿದ ತುಂಡನ್ನು ನನ್ನ ಅಂಗಿಯ ಜೇಬಿಗೆ ಹಾಕಿ, ಸಂಜೆಯವರೆಗೆ ತೆಗೆಯಬೇಡ ಎಂದರು. ಗೇರ್‌ಬಾಕ್ಸಿನ ಮೈ ಎರಕದ ಅಲ್ಯೂಮಿನಿಯಂ. ಬಾಗುವುದು ಅದಕ್ಕೆ ಗೊತ್ತಿಲ್ಲ, ಮುರಿಯುವುದೊಂದೇ ಗೊತ್ತು. ಕಿವಿ ಮುರಿಯದೆ ಮುಖದ ಮೇಲೆ ಗೆರೆ ಬಿದ್ದರೂ ನಷ್ಟವೇ. ಗೀರಿನ ಅಂಚು ಉಬ್ಬಿ ನಿಂತು ಗೇರ್‌ಬಾಕ್ಸ್ ಮತ್ತೆಂದೂ ಸಪಾಟಾಗಿ ಕೂರುವುದಿಲ್ಲ.

ಅಂದಿನಿಂದ ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಒಂದು ರಟ್ಟಿನ ಡಬ್ಬಿಯ ಮೇಲೆ ಗೇರ್‌ಬಾಕ್ಸಿನ ಮುಖದ ಆಕಾರ ಬರೆದುಕೊಳ್ಳುತ್ತೇನೆ, ಚಿತ್ರ ಸೊಟ್ಟಗಿದ್ದರೂ ನಡೆಯುತ್ತದೆ. ಬಿಚ್ಚಿದ ಒಂದೊಂದು ಬೋಲ್ಟನ್ನೂ ಅದು ಇದ್ದ ಜಾಗದಲ್ಲೇ ರಟ್ಟಿಗೆ ಚುಚ್ಚುತ್ತೇನೆ. ಎರಡು ಲಾಭ. ಹೌಸಿಂಗಿನ ತೂತು ಎಷ್ಟು, ರಟ್ಟಿನ ಬೋಲ್ಟು ಎಷ್ಟು ಎಂದು ಎಣಿಸಿದರೆ ಬಿಟ್ಟುಹೋದದ್ದು ಅಲ್ಲೇ ಸಿಕ್ಕಿಬೀಳುತ್ತದೆ. ಇನ್ನು ಬೋಲ್ಟುಗಳ ಉದ್ದ ಒಂದೇ ಇರುವುದಿಲ್ಲ. ಕಟ್ಟುವಾಗ ಉದ್ದದ್ದನ್ನು ಗಿಡ್ಡದ ಜಾಗಕ್ಕೆ ಹಾಕಿ ಎರಕವನ್ನು ಒಡೆಯುವುದು ತಪ್ಪುತ್ತದೆ. ನೀವು ಬೋಲ್ಟುಗಳನ್ನೆಲ್ಲ ಒಂದೇ ತಟ್ಟೆಗೆ ಸುರಿದಿದ್ದೀರಿ ಎಂದು ನನ್ನ ಊಹೆ. ಈಗಲಾದರೂ ಉದ್ದಕ್ಕೆ ತಕ್ಕಂತೆ ಬೇರೆ ಮಾಡಿಡಿ.

ಎಂಜಿನ್ನನ್ನು ಯಾವುದರ ಮೇಲೆ ನಿಲ್ಲಿಸಿದ್ದೀರಿ ಎಂದು ನೀವು ಬರೆದಿಲ್ಲ. ಗೇರ್‌ಬಾಕ್ಸ್ ಕಡೆಯ ಮೌಂಟಿಂಗ್ ಹೋದ ಮೇಲೆ ಎಂಜಿನ್ನೂ ಆ ಕಡೆಗೆ ವಾಲುತ್ತದೆ, ಮೇಲೆ ಹೇಳಿದ ಓರೆಗೆ ಅದೂ ತನ್ನ ಪಾಲು ಸೇರಿಸುತ್ತದೆ. ಎಂಜಿನ್ನಿನ ತಳದ ಎಣ್ಣೆ ತೊಟ್ಟಿಯಾದ ಸಂಪಿನ ಅಡಿಗೆ ನೇರ ಜಾಕ್ ಕೊಡಬೇಡಿ, ಅದು ತೆಳು ತಗಡು. ಒಳಗೆ ಎಣ್ಣೆ ಹೀರುವ ಜಾಳಿಗೆ ತಳಕ್ಕೆ ಹತ್ತಿರದಲ್ಲೇ ಇದೆ, ತಗಡು ಒಳಗೆ ತಗ್ಗಿದರೆ ಅದರ ಬಾಯಿ ಕಟ್ಟುತ್ತದೆ. ಸಂಪಿನ ತಳದಷ್ಟು ಅಗಲದ ಹಲಗೆ ಇಟ್ಟು ಅದರ ಕೆಳಗೆ ಜಾಕ್ ಇಡಿ. ಇನ್ನೂ ಒಳ್ಳೆಯದು ಮೇಲಿನಿಂದ ತೂಗುಹಾಕುವುದು: ಬಾನೆಟ್ಟಿನ ಕೆಳಗೆ ಎರಡೂ ಬದಿಯಲ್ಲಿ ಶಾಕ್ ಅಬ್ಸಾರ್ಬರ್ ಬಂದು ಸೇರುವ ಗಟ್ಟಿ ಜಾಗದ ಮೇಲೆ ಒಂದು ಗಟ್ಟಿ ಮರದ ತೊಲೆ ಅಡ್ಡ ಹಾಕಿ, ಎಂಜಿನ್ನಿನ ಎತ್ತುವ ಕೊಕ್ಕೆಗೆ ಸರಪಳಿ ಬಿಗಿಯಿರಿ. ತೊಲೆಯನ್ನು ಮಡ್‌ಗಾರ್ಡಿನ ಅಂಚಿನ ಮೇಲೆ ಇಟ್ಟರೆ ತಗಡು ತಗ್ಗಿಹೋಗುತ್ತದೆ. ಬಾವಿಯ ನೈಲಾನ್ ಹಗ್ಗವೂ ಬೇಡ, ಭಾರಕ್ಕೆ ಜಗ್ಗಿ ಜಗ್ಗಿ ಗಂಟೆಗೊಂದು ಬೆರಳು ಇಳಿಯುತ್ತದೆ.

ಈಗ ಎಳೆಯುವುದು. ಹೊರಡುವ ಮುನ್ನ ಗೇರ್‌ಬಾಕ್ಸಿಗೆ ಇನ್ನೂ ಏನೇನು ಅಂಟಿಕೊಂಡಿದೆ ನೋಡಿ: ಕ್ಲಚ್ ಕೇಬಲ್, ಸ್ಪೀಡೋಮೀಟರ್ ಕೇಬಲ್, ರಿವರ್ಸ್ ಲೈಟಿನ ವೈರು, ಅರ್ತ್ ವೈರು, ಗೇರ್ ಲಿವರಿನಿಂದ ಬಂದ ಎರಡು ರಾಡುಗಳು. ಬ್ಯಾಟರಿಯ ತಂತಿ ಕಳಚಿದ್ದೀರಿ ತಾನೆ?

ತೆಗೆದ ಬೋಲ್ಟುಗಳದ್ದೇ ದಪ್ಪ, ಅದೇ ಥ್ರೆಡ್ಡಿನ ಎರಡು ಉದ್ದ ಬೋಲ್ಟು ತಂದು ತಲೆ ಕತ್ತರಿಸಿ, ಎದುರು ಬದುರಿನ ಎರಡು ಥ್ರೆಡ್ ಇರುವ ತೂತುಗಳಿಗೆ ಕೈಯಿಂದ ತಿರುಪಿ. ಗೇರ್‌ಬಾಕ್ಸಿಗೆ ಇವೇ ಹಳಿ. ಇವುಗಳ ಮೇಲೆ ಜಾರಿ ಬರುವಾಗ ಅದು ವಾಲಲಾರದು, ಭಾರ ಶಾಫ್ಟಿನ ಮೇಲೆ ಬೀಳಲಾರದು. ಮನೆಯಲ್ಲಿ ಈ ಕೆಲಸ ಮಾಡುವವರು ನೂರು ರೂಪಾಯಿಯೊಳಗೆ ಮಾಡಿಕೊಳ್ಳಬಹುದಾದ ಇಷ್ಟು ಉಪಕಾರದ ಸಲಕರಣೆ ಇನ್ನೊಂದಿಲ್ಲ. ಆದರೂ ಪುಸ್ತಕಗಳಲ್ಲಿ ಇದನ್ನು ಹೇಳುವವರು ಕಡಿಮೆ.

ಸಂದು ಸುತ್ತಲೂ ಸಮವಾಗಿರುವಂತೆ ಜಾಕ್ ನೋಡಿಕೊಳ್ಳುತ್ತ, ಪಿನ್ನುಗಳು ಇರುವ ಜಾಗದ ಹತ್ತಿರ ಮರದ ಕೊಡತಿಯಿಂದ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ತಟ್ಟಿ. ತುಕ್ಕು ಹಿಡಿದಿದ್ದರೆ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ ಒಂದು ರಾತ್ರಿ ಬಿಡಿ. ಹೇಗೂ ಪ್ಲೇಟ್ ಹೊಸದು ಹಾಕುತ್ತೀರಿ, ಎಣ್ಣೆ ತಗುಲಿದರೆ ನಷ್ಟವಿಲ್ಲ. ಫ್ಲೈವೀಲನ್ನು ಮಾತ್ರ ಆಮೇಲೆ ಚೆನ್ನಾಗಿ ತೊಳೆಯಬೇಕು. ಬೆಣೆ ಹಾಕಲೇಬೇಕೆಂದರೆ ಗಟ್ಟಿ ಮರದ ಎರಡು ಬೆಣೆ ಮಾಡಿ ಎದುರು ಬದುರು ಹಾಕಿ, ಒಂದಕ್ಕೆ ಒಂದೇಟು, ಇನ್ನೊಂದಕ್ಕೆ ಒಂದೇಟು. ಒಂದೇ ಕಡೆ ಬಡಿದರೆ ಮತ್ತೆ ವಾಲುತ್ತದೆ, ಮತ್ತೆ ಮೊದಲಿನ ಕಥೆ.

ಪಿನ್ನು ಬಿಟ್ಟ ಕೂಡಲೇ ಗೇರ್‌ಬಾಕ್ಸ್ ಸಡಿಲವಾದಂತೆ ಅನಿಸುತ್ತದೆ. ಹೆಚ್ಚು ಜನ ಎಡವುವುದು ಈ ಗಳಿಗೆಯಲ್ಲಿ. ಬಂತು ಎಂದು ಜಾಕ್ ಇಳಿಸಿಬಿಡುತ್ತಾರೆ. ಶಾಫ್ಟ್ ಇನ್ನೂ ಕ್ಲಚ್ಚಿನ ಒಳಗೇ ಇದೆ. ಇಡೀ ಗೇರ್‌ಬಾಕ್ಸ್ ಆ ಶಾಫ್ಟಿನಿಂದ ನೇತಾಡಿದರೆ ಪ್ಲೇಟಿನ ನಡುಭಾಗ ಸೊಟ್ಟಗಾಗುತ್ತದೆ, ಪ್ರೆಷರ್ ಪ್ಲೇಟಿನ ಬೆರಳುಗಳು ಬಾಗುತ್ತವೆ. ಶಾಫ್ಟ್ ಪೂರ್ತಿ ಹೊರಬರುವವರೆಗೆ ಭಾರ ಜಾಕಿನ ಮೇಲೋ ನಿಮ್ಮಿಬ್ಬರ ಕೈಮೇಲೋ ಇರಲಿ. ಭಾರ 25 ಕಿಲೋದ ಅಕ್ಕಿ ಚೀಲಕ್ಕಿಂತ ಕಡಿಮೆ ಎಂದು ಎಣಿಸಬೇಡಿ. ಅಕ್ಕಿ ಚೀಲವಾದರೆ ಮೈಗೆ ಒರಗುತ್ತದೆ, ಇದು ಎಣ್ಣೆ ಮೆತ್ತಿಕೊಂಡು ಕೈಯಿಂದ ಜಾರುತ್ತದೆ. ಎದೆಯ ಮೇಲೆ ಇಳಿಸಿಕೊಳ್ಳುವ ಸಾಹಸ ಬೇಡ. ಹಳೆಯ ಟಯರೊಂದನ್ನು ಅಡಿಗೆ ಹಾಕಿ ಅದರ ಮೇಲೆ ಇಳಿಸಿ.

ಸುತ್ತಲೂ ಸಮವಾಗಿ ಒಂದಂಗುಲ ತೆರೆದುಕೊಂಡು ಅಲ್ಲಿಗೇ ನಿಂತರೆ? ಆಗ ಬೋಲ್ಟೂ ಅಲ್ಲ, ಪಿನ್ನೂ ಅಲ್ಲ. ಎರಡು ಮಳೆಗಾಲದ ತೇವಕ್ಕೆ ಪ್ಲೇಟಿನ ಹಲ್ಲು ಶಾಫ್ಟಿಗೆ ತುಕ್ಕು ಹಿಡಿದಿದೆ. ಎಂಜಿನ್ನಿನ ತಿರುಗುವ ಮುಖ್ಯ ದಂಡವಾದ ಕ್ರ್ಯಾಂಕಿನ ತುದಿಯಲ್ಲಿ ಶಾಫ್ಟಿನ ಮೂತಿಗೆಂದು ಸಣ್ಣ ಬೇರಿಂಗ್ ಇರುವ ಎಂಜಿನ್ನುಗಳಲ್ಲಿ ಅದೂ ಹಿಡಿದಿರಬಹುದು. ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಎಂಜಿನ್ನನ್ನು ಕಾಲು ಸುತ್ತು ತಿರುಗಿಸಿ, ಎಳೆದು ನೋಡಿ, ಮತ್ತೆ ಕಾಲು ಸುತ್ತು. ಪುಲ್ಲಿಯ ಬೋಲ್ಟು ಬಿಗಿಯಾಗುವ ದಿಕ್ಕಿನಲ್ಲೇ ತಿರುಗಿಸಿ, ಅದನ್ನೇ ಬಿಚ್ಚಿಬಿಡಬೇಡಿ. ಗೇರ್‌ಬಾಕ್ಸಿನ ಬಾಲವನ್ನು ಎಡಬಲಕ್ಕೆ ಬೆರಳಷ್ಟೇ ಅಲ್ಲಾಡಿಸುತ್ತ ಎಳೆಯಿರಿ. ಒಂದೂವರೆ ಅಂಗುಲ ತೆರೆದರೂ ಹಿಡಿತ ಬಿಡದಿದ್ದರೆ ಕೊನೆಯ ಉಪಾಯ ಉಳಿದಿದೆ: ಪ್ರೆಷರ್ ಪ್ಲೇಟನ್ನು ಫ್ಲೈವೀಲಿಗೆ ಹಿಡಿದಿರುವ ಬೋಲ್ಟುಗಳನ್ನು ಆ ಸಂದಿನಿಂದಲೇ ತೆಳು ಸ್ಪ್ಯಾನರಿನಲ್ಲಿ ಬಿಚ್ಚುವುದು. ಎಂಜಿನ್ನನ್ನು ತಿರುಗಿಸಿಕೊಳ್ಳುತ್ತ, ಒಂದೊಂದನ್ನು ಅರ್ಧ ಸುತ್ತಿನಂತೆ ಸರದಿಯಲ್ಲಿ ಸಡಿಲಿಸುತ್ತ ಹೋದರೆ ಇಡೀ ಕ್ಲಚ್ ಗೇರ್‌ಬಾಕ್ಸಿನ ಜೊತೆಗೇ ಹೊರಬರುತ್ತದೆ. ಒಂದು ಮಧ್ಯಾಹ್ನವೆಲ್ಲ ಹಿಡಿಯುವ, ತಾಳ್ಮೆ ತಿನ್ನುವ ಕೆಲಸ. ಶಾಫ್ಟನ್ನು ಮೇಜಿನ ಮೇಲೆ ಬಿಡಿಸಿಕೊಳ್ಳಬಹುದು, ಅಲ್ಲಿ ಕಾರು ತಲೆಯ ಮೇಲಿರುವುದಿಲ್ಲ.

ಹೊರಬಂದ ಮೇಲೆ ಹೌಸಿಂಗಿನೊಳಗೆ ಕಪ್ಪು ಹುಡಿ ತುಂಬಿರುತ್ತದೆ. ಊದಬೇಡಿ, ಗಾಳಿಯ ಪೈಪಂತೂ ಬೇಡವೇ ಬೇಡ. ಹಳೆಯ ಪ್ಲೇಟುಗಳ ಲೈನಿಂಗಿನಲ್ಲಿ, ಅಂದರೆ ಉಜ್ಜುವ ಪದರದಲ್ಲಿ, ಆಸ್ಬೆಸ್ಟಾಸ್ ಇರುತ್ತಿತ್ತು. ಅದರ ಧೂಳು ಶ್ವಾಸಕೋಶ ಸೇರಿದರೆ ಕ್ಯಾನ್ಸರಿನವರೆಗೂ ಹೋಗುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ, ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಎಸೆಯಿರಿ.

ಆಮೇಲೆ ಬೆಳಕಿಗೆ ಹಿಡಿದು ನೋಡಿ, ಕಾರಿನ ಇತಿಹಾಸವೇ ಅಲ್ಲಿ ಕಾಣುತ್ತದೆ. ಪ್ಲೇಟಿನ ರಿವೆಟ್ಟಿನ ತಲೆ ಲೈನಿಂಗಿನ ಮಟ್ಟಕ್ಕೆ ಬಂದಿದ್ದರೆ ಸವೆತ ಪೂರ್ತಿಯಾಗಿದೆ. ಫ್ಲೈವೀಲಿನ ಮೇಲೆ ನವಿಲುಗರಿಯ ನೀಲಿ ಬಣ್ಣದ ಮಚ್ಚೆಗಳಿದ್ದರೆ ಯಾರೋ ಘಾಟಿಯಲ್ಲಿ ಅರ್ಧ ಕ್ಲಚ್ಚಿನಲ್ಲಿ ಗಾಡಿ ನಿಲ್ಲಿಸುತ್ತಿದ್ದರು. ತಂದೆಯವರನ್ನು ಕೇಳಬೇಡಿ, ಒಪ್ಪುವುದಿಲ್ಲ. ಉಗುರಿಗೆ ಸಿಗುವ ಗೆರೆಗಳಿದ್ದರೆ ಲೇತಿನವರ ಬಳಿ ಅದರ ಮುಖವನ್ನು ಸಪಾಟು ಮಾಡಿಸಿ. ಒಳಗೆ ಒದ್ದೆಯಿದ್ದರೆ ಮೂಸಿ ನೋಡಿ. ಗಂಧಕ ಬೆರೆತ ಕೊಳೆತ ಬೆಳ್ಳುಳ್ಳಿಯಂಥ ವಾಸನೆ ಗೇರ್ ಆಯಿಲಿನದು, ಗೇರ್‌ಬಾಕ್ಸಿನ ಮುಂದಿನ ಸೀಲ್ ಹೋಗಿದೆ. ಕಪ್ಪಗೆ, ಆ ವಾಸನೆಯಿಲ್ಲದೆ ಇದ್ದರೆ ಕ್ರ್ಯಾಂಕಿನ ಹಿಂದಿನ ಸೀಲ್. ಯಾವುದೇ ಆಗಲಿ, ಇಷ್ಟು ಬಿಚ್ಚಿದ ಮೇಲೆ ಎರಡನ್ನೂ ಬದಲಾಯಿಸುವುದೇ ಲೇಸು. ಸೀಲಿನ ಬೆಲೆ ಅಲ್ಪ, ಮತ್ತೆ ಗೇರ್‌ಬಾಕ್ಸ್ ಇಳಿಸುವ ಕೂಲಿ ಅಲ್ಪವಲ್ಲ.

ಪ್ಲೇಟ್, ಪ್ರೆಷರ್ ಪ್ಲೇಟ್, ಕ್ಲಚ್ ತುಳಿದಾಗ ಅದನ್ನು ತಳ್ಳುವ ರಿಲೀಸ್ ಬೇರಿಂಗ್, ಮೂರನ್ನೂ ಸೆಟ್ಟಾಗಿಯೇ ತನ್ನಿ. ಈ ಮಾದರಿಯ ಗಾಡಿ 1983ರ ಡಿಸೆಂಬರಿನಲ್ಲಿ ರಸ್ತೆಗೆ ಬಂದದ್ದು, 2014ರ ಜನವರಿಯಲ್ಲಿ ತಯಾರಿಕೆ ನಿಂತಿತು. ನಿಂತು ಇಷ್ಟು ವರ್ಷವಾದರೂ ಬಿಡಿಭಾಗಕ್ಕೆ ಬರವಿಲ್ಲ, ಶಿವಮೊಗ್ಗದಲ್ಲೇ ಸಿಗುತ್ತದೆ, ಇಲ್ಲದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆ ಇದೆ. ಆದರೆ ಇಷ್ಟು ವರ್ಷಗಳಲ್ಲಿ ನಾಲ್ಕು ಗೇರಿನದೂ ಬಂದಿದೆ, ಐದು ಗೇರಿನದೂ ಬಂದಿದೆ. ಬಾಯಲ್ಲಿ ಹೇಳಿ ತರಿಸಬೇಡಿ, ಹಳೆಯ ಪ್ಲೇಟನ್ನು ಕಾಗದದಲ್ಲಿ ಸುತ್ತಿಕೊಂಡು ಹೋಗಿ, ಅಗಲವನ್ನೂ ನಡುವಿನ ಹಲ್ಲುಗಳ ಸಂಖ್ಯೆಯನ್ನೂ ಅಂಗಡಿಯಲ್ಲೇ ತಾಳೆ ನೋಡಿ. ರಿಲೀಸ್ ಬೇರಿಂಗನ್ನು ಪೆಟ್ರೋಲಿನಲ್ಲಿ ತೊಳೆದು ಹಾಕುತ್ತೇನೆ ಎನ್ನುವ ಮೆಕ್ಯಾನಿಕ್ ಸಿಕ್ಕರೆ ಕೈಮುಗಿದು ಬನ್ನಿ. ಅದರೊಳಗಿನ ಗ್ರೀಸು ತೊಳೆದುಹೋದರೆ ತಿಂಗಳೊಪ್ಪತ್ತಿನಲ್ಲಿ ಕಿರುಚತೊಡಗುತ್ತದೆ.

ಮತ್ತೆ ಕೂರಿಸುವಾಗಲೂ ಬೀಸುಕಲ್ಲಿನ ನಿಯಮವೇ. ಫ್ಲೈವೀಲನ್ನು ಪೆಟ್ರೋಲಿನಿಂದ ಒರೆಸಿ ಒಣಗಿಸಿ, ಆಮೇಲೆ ಬೆರಳು ತಾಗಿಸಬೇಡಿ. ಪ್ಲೇಟಿನ ಸ್ಪ್ರಿಂಗ್ ಉಬ್ಬಿರುವ ಬದಿ ಗೇರ್‌ಬಾಕ್ಸಿನ ಕಡೆಗೆ ಬರಲಿ. ಪ್ಲೇಟ್ ನಟ್ಟ ನಡುವೆ ಇರಬೇಕು. ಅದಕ್ಕೆಂದೇ ಪ್ಲಾಸ್ಟಿಕ್ಕಿನ ಡಮ್ಮಿ ಶಾಫ್ಟ್ ಸಿಗುತ್ತದೆ, ಸಿಗದಿದ್ದರೆ ಸರಿಯಾದ ದಪ್ಪಕ್ಕೆ ಟೇಪು ಸುತ್ತಿದ ಮರದ ಗೂಟವೂ ಆಗುತ್ತದೆ. ಪ್ರೆಷರ್ ಪ್ಲೇಟಿನ ಬೋಲ್ಟುಗಳನ್ನು ಒಂದಾದ ಮೇಲೆ ಎದುರಿನದು, ಹೀಗೆ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಶಾಫ್ಟಿನ ಹಲ್ಲಿಗೆ ಉದ್ದಿನ ಕಾಳಿನಷ್ಟು ಗ್ರೀಸು ಸವರಿ, ಪ್ಲೇಟನ್ನು ಒಮ್ಮೆ ತೂರಿಸಿ ತೆಗೆದು, ಅಂಚಿಗೆ ಬಂದ ಹೆಚ್ಚಿನದನ್ನು ಒರೆಸಿ. ಹೆಚ್ಚು ಸವರಿದರೆ ಅದು ತಿರುಗುವಾಗ ಸಿಡಿದು ಹೊಸ ಲೈನಿಂಗಿಗೇ ಬೀಳುತ್ತದೆ. ಎರಡು ಡೋವೆಲ್ ಪಿನ್ನುಗಳೂ ತಮ್ಮ ಜಾಗದಲ್ಲಿವೆಯೇ ನೋಡಿ. ಒಂದು ಗೇರ್‌ಬಾಕ್ಸಿನಲ್ಲೇ ಅಂಟಿಕೊಂಡು ಹೋಗಿ, ತೊಳೆಯುವಾಗ ಬಿದ್ದುಹೋದದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಪಿನ್ನಿಲ್ಲದೆ ಕಟ್ಟಿದರೆ ಗಾಡಿ ಓಡುತ್ತದೆ, ಆದರೆ ಹೊಸ ಕ್ಲಚ್ ಅದುರುತ್ತದೆ, ಕಾರಣ ಯಾರಿಗೂ ಹೊಳೆಯುವುದಿಲ್ಲ.

ಗೇರ್‌ಬಾಕ್ಸನ್ನು ಅದೇ ತಲೆಯಿಲ್ಲದ ಬೋಲ್ಟುಗಳ ಮೇಲೆ ಜಾರಿಸಿ. ಹಲ್ಲು ಸೇರದೆ ನಿಂತರೆ ಟಾಪ್ ಗೇರಿಗೆ ಹಾಕಿ, ಭಾವನವರು ಕ್ರ್ಯಾಂಕನ್ನು ನಿಧಾನಕ್ಕೆ ತಿರುಗಿಸಲಿ, ನೀವು ಒತ್ತಿ ಹಿಡಿಯಿರಿ, ಸರಕ್ಕನೆ ಒಳಸೇರುತ್ತದೆ. ಕೊನೆಯ ಬೆರಳಷ್ಟು ಸಂದನ್ನು ಬೋಲ್ಟು ಬಿಗಿದು ಮುಚ್ಚುತ್ತೇನೆಂದು ಹೊರಡಬೇಡಿ. ಕೈಯಿಂದ ಮುಚ್ಚದ ಸಂದನ್ನು ಬೋಲ್ಟಿನಿಂದ ಮುಚ್ಚಿದರೆ ಒಂದೋ ಕಿವಿ ಮುರಿಯುತ್ತದೆ, ಇಲ್ಲವೇ ಪ್ಲೇಟಿನ ನಡು ಜಜ್ಜಿಹೋಗುತ್ತದೆ. ಹಿಂದಕ್ಕೆ ತೆಗೆದು ಪ್ಲೇಟ್ ನಡುವೆ ಇದೆಯೇ ನೋಡಿ.

ಆಕ್ಸಲ್ ಸೀಲುಗಳು ಹೊಸವಿರಲಿ. ಆಕ್ಸಲನ್ನು ಒಳಗಿನ ಕ್ಲಿಪ್ಪು ಕಟ್ ಎಂದು ಕೂರುವವರೆಗೆ ತಳ್ಳಿ, ಮೆಲ್ಲಗೆ ಹಿಂದಕ್ಕೆ ಎಳೆದರೂ ಬರಬಾರದು. ಚಕ್ರದ ಕಡೆಯ ನಟ್ಟಿಗೆ ಹೊಸ ಸ್ಪ್ಲಿಟ್ ಪಿನ್ ಹಾಕಿ. ಆಮೇಲೆ ಗೇರ್ ಆಯಿಲ್. ಆಕ್ಸಲ್ ತೆಗೆದಾಗ ಅದೆಲ್ಲ ನಿಮ್ಮ ಅಂಗಳಕ್ಕೆ ಸುರಿದಿದೆ, ಮತ್ತೆ ತುಂಬಲು ಎರಡು ಲೀಟರಿನ ಆಸುಪಾಸು ಬೇಕು. ಡಬ್ಬಿಯ ಮೇಲೆ ಜಿಎಲ್-4 ಎಂಬ ದರ್ಜೆಯ ಗುರುತಿರಲಿ. ಜಿಎಲ್-5 ಇನ್ನೂ ಒಳ್ಳೆಯದು ಎಂದು ಅಂಗಡಿಯವರು ಹೇಳಿದರೆ ನಂಬಬೇಡಿ, ಅದರಲ್ಲಿ ಬೆರೆಸುವ ಗಂಧಕದ ವಸ್ತುಗಳು ನಿಮ್ಮ ಗಾಡಿಯ ಕಾಲದ ಗೇರ್‌ಬಾಕ್ಸುಗಳ ಹಿತ್ತಾಳೆಯ ರಿಂಗುಗಳಿಗೆ ಆಗಿಬರುವುದಿಲ್ಲ. ಕಾರು ಮಟ್ಟಸ ನಿಂತಿರುವಾಗ ಪಕ್ಕದ ತೂತಿನ ಬಾಯಿಗೆ ಎಣ್ಣೆ ಬಂದು ಸುರಿಯತೊಡಗಿದರೆ ಸಾಕು. ಕ್ಲಚ್ ಪೆಡಲ್ ಒಂದೂವರೆ ಬೆರಳಗಲದಷ್ಟು ಸಡಿಲವಾಗಿ ಇಳಿದ ಮೇಲೆ ಬಿಗಿ ಸಿಗುವಂತೆ ಕೇಬಲ್ ಹೊಂದಿಸಿ.

ಎಣ್ಣೆ ತುಂಬುವ ಮುಂಚೆ ಎಂಜಿನ್ ಚಾಲೂ ಮಾಡಬೇಡಿ. ಹೊಸ ಕ್ಲಚ್ಚಿನ ಸಂಭ್ರಮದಲ್ಲಿ ಇದನ್ನು ಮರೆತವರಿದ್ದಾರೆ. ಕೆಳಗಡೆ ಬೋಲ್ಟು ಸಿಕ್ಕಿದರೆ ಯಾವ ಕಿವಿಯಲ್ಲಿತ್ತು ಎಂದು ಒಂದು ಸಾಲು ಬರೆಯಿರಿ. ನನ್ನ ಅಂದಾಜಿನಲ್ಲಿ ಅದು ಸಂಪಿನ ಪಕ್ಕ, ಆಕ್ಸಲ್ ಹೊರಬಂದ ತೂತಿನ ಹತ್ತಿರ, ಹೆಕ್ಕಳದ ಅಡಿಯಲ್ಲಿದೆ.